ಹೋರಿ ಹಬ್ಬಕ್ಕೆ ಹೊರಟವರಿಗೆ: ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು

ದೀಪಾವಳಿ ಇನ್ನು ಹದಿನೈದು ದಿನ ಇದೆ ಅನ್ನುವಾಗಲೇ ಫೋನು ಶುರುವಾಗುತ್ತದೆ. ಕಾರವಾರದಿಂದ ಒಬ್ಬರು, ಕುಮಟೆಯಿಂದ ಇನ್ನೊಬ್ಬರು, ಬೆಂಗಳೂರು ಸೇರಿದ ನಮ್ಮೂರ ಹುಡುಗರು ನಾಲ್ಕು ಜನ. ಕೇಳುವುದೆಲ್ಲ ಅದನ್ನೇ: "ಈ ಸಲ ಹೋರಿ ಹಬ್ಬ ಯಾವ ಊರಲ್ಲಿ? ಹೊರಗಿನವರು ಬಂದು ನೋಡಬಹುದಾ? ಮಕ್ಕಳನ್ನು ಕರೆತರಬಹುದಾ?" ಪ್ರತಿ ವರ್ಷ ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಈ ಸಲ ಬರೆದೇಬಿಡುತ್ತಿದ್ದೇನೆ. ಮಕ್ಕಳ ಪ್ರಶ್ನೆಗೆ ಉತ್ತರ ಕೊನೆಯಲ್ಲಿದೆ, ಅಲ್ಲಿಯವರೆಗೆ ಓದಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಹಬ್ಬದಲ್ಲಿ ಹೋರಿ ಹಿಡಿಯಲು ಇಳಿದವನಿಗಷ್ಟೇ ಅಪಾಯ, ಪಕ್ಕದಲ್ಲಿ ನಿಂತು ನೋಡುವವನಿಗೆ ಏನೂ ಆಗುವುದಿಲ್ಲ ಎಂದುಕೊಂಡು ಬರುವವರೇ ಹೆಚ್ಚು. ದೀಪಾವಳಿ ಮುಗಿದ ವಾರ ಪತ್ರಿಕೆ ತೆರೆದು ನೋಡಿ. ಹಾವೇರಿ, ಶಿವಮೊಗ್ಗ ಕಡೆಯಿಂದ ಬರುವ ಸಾವು-ನೋವಿನ ಸುದ್ದಿಗಳಲ್ಲಿ "ಹಬ್ಬ ನೋಡಲು ಬಂದಿದ್ದ" ಎಂಬ ಮಾತು ಎಷ್ಟೋ ಸಲ ಇರುತ್ತದೆ. ಎದುರು ನಿಂತವನಿಗೆ ಹೋರಿ ಬರುತ್ತದೆಂದು ಗೊತ್ತಿರುತ್ತದೆ. ಬೇಲಿ ಪಕ್ಕ ಮಿರ್ಚಿ-ಮಂಡಕ್ಕಿ ತಿನ್ನುತ್ತ ನಿಂತವನಿಗೆ ಗೊತ್ತಿರುವುದಿಲ್ಲ. ಹಾಗಾಗಿ ಈ ಬರಹದ ಅರ್ಧ ಭಾಗ ನಿಲ್ಲುವ ಜಾಗದ ಬಗ್ಗೆಯೇ ಇದೆ.

ಮೊದಲು ಇದೇನೆಂದು ತಿಳಿದುಕೊಳ್ಳಿ

ಹೋರಿ ಹಬ್ಬ, ಹೋರಿ ಬೆದರಿಸುವ ಹಬ್ಬ, ಹೋರಿ ಬೆಚ್ಚುವ ಹಬ್ಬ, ಕೊಬ್ಬರಿ ಹೋರಿ: ಎಲ್ಲ ಒಂದೇ. ಬೆಚ್ಚು ಎಂದರೆ ನಮ್ಮ ಕಡೆ ಬೆದರಿಸು ಎಂದರ್ಥ. ಸಿಂಗರಿಸಿದ ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟುತ್ತಾರೆ. ಜನರ ನಡುವಿನ ಓಣಿಯಲ್ಲಿ ಅದನ್ನು ಬಿಡುತ್ತಾರೆ. ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಕಿತ್ತುಕೊಳ್ಳಬೇಕು. ಕೊಬ್ಬರಿ ಕಳೆದುಕೊಳ್ಳದೆ ಆ ತುದಿ ಮುಟ್ಟಿದರೆ ಹೋರಿ ಗೆದ್ದಂತೆ, ಕಿತ್ತುಕೊಂಡರೆ ಹುಡುಗ ಗೆದ್ದಂತೆ. ಉಳಿದ ಲೆಕ್ಕಾಚಾರವೆಲ್ಲ ಆಯಾ ಊರಿನ ಕಮಿಟಿಗೆ ಬಿಟ್ಟದ್ದು.

ಕರಾವಳಿಯವರು ಇದನ್ನು ಕಂಬಳದ ಜೊತೆ ಹೋಲಿಸುತ್ತಾರೆ. ಹೋಲಿಕೆ ಸರಿಹೋಗುವುದಿಲ್ಲ. ಕಂಬಳದಲ್ಲಿ ಜೋಡಿ ಕೋಣ, ಕೆಸರು ಗದ್ದೆ, ಹಿಂದೆ ಹಗ್ಗ ಹಿಡಿದು ಓಡಿಸುವವನು. ಕೋಣ ಎಲ್ಲಿಂದ ಎಲ್ಲಿಗೆ ಓಡುತ್ತದೆಂದು ಎಲ್ಲರಿಗೂ ಗೊತ್ತು. ಇಲ್ಲಿ ಹೋರಿ ಒಂಟಿ, ನೆಲ ಒಣ, ಅಖಾಡದೊಳಗೆ ಹೋದಮೇಲೆ ಹಗ್ಗ ಹಿಡಿಯುವವರಿಲ್ಲ. ಎತ್ತ ಹೋಗಬೇಕೆಂದು ಅದೇ ತೀರ್ಮಾನಿಸುತ್ತದೆ.

ಅಲ್ಲಿ ಕಿವಿಗೆ ಬೀಳುವ ಕೆಲವು ಮಾತುಗಳು ಗೊತ್ತಿದ್ದರೆ ಒಳ್ಳೆಯದು. ಅಖಾಡ ಎಂದರೆ ಹೋರಿ ಓಡುವ ಓಣಿ, ಎರಡೂ ಕಡೆ ಗಳ ಕಟ್ಟಿದ ಬೇಲಿ ಇರುತ್ತದೆ, ಇರಬೇಕು. ಪೈಲ್ವಾನರೆಂದರೆ ಕುಸ್ತಿಯವರಲ್ಲ, ಕೊಬ್ಬರಿ ಕೀಳಲು ಇಳಿಯುವ ಹುಡುಗರು. ಜೂಲಾ ಎಂದರೆ ಹೋರಿಯ ಬೆನ್ನ ಮೇಲೆ ಹೊದಿಸುವ ಕಸೂತಿ ಬಟ್ಟೆ. ಕೋಡಣಸು ಕೊಂಬಿನ ತುದಿಗೆ ತೊಡಿಸುವ ಹಿತ್ತಾಳೆಯ ಮುಚ್ಚಳ. ಬೆನ್ನ ಮೇಲೆ ಎತ್ತರಕ್ಕೆ ಬಣ್ಣದ ಅಲಂಕಾರ, ಬಲೂನು ಕಟ್ಟಿಕೊಂಡು ಬಂದರೆ ಅದನ್ನು ಪೀಪಿ ಹೋರಿ ಎನ್ನುತ್ತಾರೆ. "ಹೋರಿ ಬಂತು, ಹಿಂದ ಸರೀರಿ!" ಎಂಬ ಕೂಗಿಗೆ ಮಾತ್ರ ಅರ್ಥ ಕೇಳುತ್ತ ನಿಲ್ಲಬೇಡಿ.

1. ದಿನ ಮತ್ತು ಊರು ಗೊತ್ತುಮಾಡಿಕೊಳ್ಳಿ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಲ್ಲ ಕಡೆ ಈ ಹಬ್ಬ ಇಲ್ಲ. ಶಿರಸಿಯ ಪಶ್ಚಿಮಕ್ಕೆ, ಅಡಿಕೆ ತೋಟದ ಸೀಮೆಯಲ್ಲಿ, ದೀಪಾವಳಿಯೆಂದರೆ ಗೋಪೂಜೆ, ದನಕ್ಕೆ ಅಡಿಕೆ ಸಿಂಗಾರದ, ಚೆಂಡುಹೂವಿನ ಮಾಲೆ, ರಾತ್ರಿ ಮನೆಮನೆಗೆ ಹೋಗಿ ಹಾಡುವ ಬಿಂಗಿ ಪದ. ಅಲ್ಲಿ ಓಡಿಸುವ ಹೋರಿ ಹುಡುಕಿದರೆ ಸಿಗುವುದು ಗಿಡ್ಡ ತಳಿಯ ಕರು. ಪೂರ್ವಕ್ಕೆ, ಬನವಾಸಿ, ದಾಸನಕೊಪ್ಪದ ಕಡೆ ಇಳಿದರೆ ನೆಲ ಬೇರೆ. ಅದು ಅರೆಮಲೆನಾಡು, ಭತ್ತ, ಗೋವಿನಜೋಳದ ಬಯಲು. ಉಳುಮೆಗೆ ದೊಡ್ಡ ಎತ್ತು ಬೇಕಾಗಿದ್ದ ಸೀಮೆ ಅದು, ಹೋರಿ ಸಾಕುವ ಹುಚ್ಚೂ ಅಲ್ಲಿಯದೇ. ಮುಂಡಗೋಡ ತಾಲ್ಲೂಕು ಹೀಗೇ. ಅಲ್ಲಿಂದ ಆಚೆ ಹಾವೇರಿ ಜಿಲ್ಲೆ, ಸೊರಬ, ಶಿಕಾರಿಪುರ: ಒಂದೇ ಹಬ್ಬದ ಒಂದೇ ನಂಟು. ಟ್ರ್ಯಾಕ್ಟರು ಬಂದು ಎತ್ತಿನ ಕೆಲಸ ಕಸಿದುಕೊಂಡಿತು, ಆದರೆ ಹೋರಿಯ ಮೇಲಿನ ಮೋಹ ಹಾಗೇ ಉಳಿಯಿತು. ಈಗ ಹಳ್ಳಿಕಾರ್, ಅಮೃತಮಹಲ್ ತಳಿಯ ಹೋರಿಗಳನ್ನು ಓಡಿಸುವುದಕ್ಕೆಂದೇ ಸಾಕುವವರಿದ್ದಾರೆ. ಹೋರಿಗೊಂದು ಹೆಸರು, ಅದಕ್ಕೊಂದು ಅಭಿಮಾನಿ ಬಳಗ, ಆ ಬಳಗಕ್ಕೊಂದು ಅಂಗಿ.

ಹಬ್ಬದಲ್ಲಿ ಎರಡು ಬಗೆ. ಒಂದು ಊರ ಹಬ್ಬ. ಬಲಿಪಾಡ್ಯಮಿಯ ದಿನ, ಅಂದರೆ ದೀಪಾವಳಿ ಅಮಾವಾಸ್ಯೆಯ ಮರುದಿನದ ಪಾಡ್ಯ, ಕೆಲವು ಊರುಗಳಲ್ಲಿ ಅದರ ಮರುದಿನವೂ, ಆ ಊರಿನ ಹೋರಿಗಳನ್ನು ಪೂಜೆ ಮಾಡಿ ಮಧ್ಯಾಹ್ನದ ಮೇಲೆ ಊರ ಬೀದಿಯಲ್ಲೇ ಓಡಿಸುತ್ತಾರೆ. ಇನ್ನೊಂದು ಸ್ಪರ್ಧೆ. ಕಮಿಟಿ ಕಟ್ಟಿ, ಬ್ಯಾನರು ಹಾಕಿ, ಬಹುಮಾನ ಘೋಷಿಸಿ ಮಾಡುವಂಥದ್ದು. ಇದು ದೀಪಾವಳಿಯ ನಂತರ ಬೇಸಿಗೆ ಶುರುವಾಗುವವರೆಗೂ ಅಲ್ಲಲ್ಲಿ ನಡೆಯುತ್ತಿರುತ್ತದೆ. ದೂರದೂರದ ಹೋರಿಗಳು ಪಿಕಪ್ ಗಾಡಿಯಲ್ಲಿ ಬಂದಿಳಿಯುತ್ತವೆ.

ಮೊದಲ ಸಲ ಬರುವವರಿಗೆ ಯಾವುದು ಒಳ್ಳೆಯದು? ಚೆಂದಕ್ಕೆ ಊರ ಹಬ್ಬ, ಸುರಕ್ಷತೆಗೆ ಸ್ಪರ್ಧೆ. ಊರ ಬೀದಿಗೆ ಬೇಲಿ ಇರುವುದಿಲ್ಲ, ಮನೆಗಳೇ ಬೇಲಿ. ಸ್ಪರ್ಧೆಯಲ್ಲಿ ಸರಿಯಾದ ಕಮಿಟಿಯಿದ್ದರೆ ಬೇಲಿ, ಆಂಬುಲೆನ್ಸು, ಪೊಲೀಸರು ಇರುತ್ತಾರೆ. ಆದರೆ ಅಲ್ಲಿ ಜನ ಸಾವಿರಗಟ್ಟಲೆ, ಡಿಜೆ ಸದ್ದಿಗೆ ಎದೆ ಅದುರುತ್ತದೆ. ನನ್ನನ್ನು ಕೇಳಿದರೆ ಊರಲ್ಲಿ ಪರಿಚಯದ ಮನೆಯೊಂದಿದ್ದು, ಅವರ ಮಾಳಿಗೆ ಮೇಲೆ ನಿಲ್ಲಲು ಜಾಗ ಸಿಗುವುದಾದರೆ ಊರ ಹಬ್ಬಕ್ಕೆ ಹೋಗಿ. ಪರಿಚಯವಿಲ್ಲದಿದ್ದರೆ ಸ್ಪರ್ಧೆಗೇ ಹೋಗಿ.

2. ಅನುಮತಿ ಇದೆಯೇ ಎಂದು ವಿಚಾರಿಸಿ

ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದ್ದು ಇದನ್ನೇ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಇಂಥ ಆಟಗಳಿಗೆಲ್ಲ ತಡೆ ಬಿತ್ತು. 2017ರಲ್ಲಿ ನಮ್ಮ ರಾಜ್ಯ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೆ, ಹೋರಿ ಓಟ ಮತ್ತು ಎತ್ತಿನ ಗಾಡಿ ಓಟಕ್ಕೆ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆ ಕರ್ನಾಟಕದ್ದನ್ನೂ ಎತ್ತಿಹಿಡಿಯಿತು. ಹಾಗಂತ ಬೇಕಾದವರು ಬೇಕಾದಲ್ಲಿ ಹೋರಿ ಬಿಡಬಹುದು ಎಂದಲ್ಲ. ತಿದ್ದುಪಡಿಯಲ್ಲೇ ಷರತ್ತು ಇದೆ: ಪ್ರಾಣಿಗೆ ಅನಗತ್ಯ ನೋವು, ಹಿಂಸೆ ಆಗಕೂಡದು. ಆಡಳಿತದ ಒಪ್ಪಿಗೆ ಬೇಕು, ಬಂದೋಬಸ್ತು ಬೇಕು.

ನಿಮಗೆ ಇದರಿಂದೇನು? ಒಪ್ಪಿಗೆ ಪಡೆದ ಜಾಗದಲ್ಲಿ ಪೊಲೀಸರಿರುತ್ತಾರೆ, ಪಶುವೈದ್ಯರು ಇರುತ್ತಾರೆ, 108 ಬಂದು ನಿಂತಿರುತ್ತದೆ. ಒಪ್ಪಿಗೆಯಿಲ್ಲದ ಜಾಗದಲ್ಲಿ ಇದ್ಯಾವುದೂ ಇರುವುದಿಲ್ಲ. ಮೇಲಾಗಿ ಪೊಲೀಸರು ನಡುವೆ ಬಂದು ಆಟ ನಿಲ್ಲಿಸಿದರೆ ಆ ಗದ್ದಲದಲ್ಲಿ ಹೋರಿ ಒಂದು ದಿಕ್ಕು, ಜನ ಒಂದು ದಿಕ್ಕು. ಬ್ಯಾನರಿನಲ್ಲಿರುವ ಕಮಿಟಿಯವರಿಗೆ ಫೋನು ಮಾಡಿ "ಪರ್ಮಿಷನ್ ಆಗಿದೆಯಾ?" ಎಂದು ನೇರವಾಗಿ ಕೇಳಿ. "ಆಗ್ತದ್ರೀ, ನೀವು ಬರ್ರಿ" ಎಂದರೆ ಆಗಿಲ್ಲ ಎಂದೇ ತಿಳಿಯಿರಿ.

3. ಬಟ್ಟೆ, ಚೀಲ

ಕೆಂಪು ಬಟ್ಟೆ ಹಾಕಿಕೊಳ್ಳಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಹಾಕಿಕೊಳ್ಳಿ, ತೊಂದರೆಯಿಲ್ಲ. ದನಗಳ ಕಣ್ಣಿಗೆ ಕೆಂಪು ನಮಗೆ ಕಾಣುವ ಹಾಗೆ ಕಾಣುವುದೇ ಇಲ್ಲ. ಅವು ಕೆರಳುವುದು ಬಣ್ಣಕ್ಕಲ್ಲ, ಅಲುಗಾಟಕ್ಕೆ. ಗಾಳಿಗೆ ಹಾರುವ ಪಂಚೆ, ದುಪಟ್ಟಾ, ಸೀರೆ ಸೆರಗು, ಹೆಗಲ ಮೇಲಿನ ಶಾಲು ಬೇಡ. ಇನ್ನೊಂದು ಕಾರಣವೂ ಇದೆ, ಬೇಲಿ ಹತ್ತುವಾಗ ಇವೆಲ್ಲ ಗಳಕ್ಕೆ ಸಿಕ್ಕಿಕೊಳ್ಳುತ್ತವೆ.

ಕಾಲಿಗೆ ಹಿಮ್ಮಡಿ ಮುಚ್ಚುವ ಬೂಟು ಇರಲಿ. ದೀಪಾವಳಿಯ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಸಂಜೆ ಒಂದು ಹನಿ ಬಿದ್ದರೂ ಆ ಎರೆಮಣ್ಣು ಸಾಬೂನಿನಂತೆ ಜಾರುತ್ತದೆ. ಹವಾಯಿ ಚಪ್ಪಲಿಯಲ್ಲಿ ಬಂದವರ ಚಪ್ಪಲಿಗಳು ಸಂಜೆ ಅಖಾಡದ ತುಂಬ ಬಿದ್ದಿರುತ್ತವೆ, ನೋಡಿ ಬೇಕಾದರೆ. ನೀರಿನ ಬಾಟಲಿ, ತಲೆಗೆ ಟೊಪ್ಪಿ, ಒಂದು ಶುಭ್ರವಾದ ಹತ್ತಿ ಪಂಚೆ (ಉಡುವುದಕ್ಕಲ್ಲ, ಯಾಕೆಂದು ಎಂಟನೆಯ ಹಂತದಲ್ಲಿ ಹೇಳುತ್ತೇನೆ), ಮಡಚಿ ಜೇಬಿನಲ್ಲಿಟ್ಟ ಚೀಟಿಯಲ್ಲಿ ನಿಮ್ಮ ಹೆಸರು, ಮನೆಯವರ ನಂಬರು, ರಕ್ತದ ಗುಂಪು. ಫೋನಿಗೆ ಬೀಗ ಇರುತ್ತದೆ, ಪೆಟ್ಟಾದಾಗ ಅದನ್ನು ಬೇರೆಯವರು ತೆರೆಯಲಾರರು.

4. ತಲುಪುವುದು

ಕಾರವಾರ, ಅಂಕೋಲಾ ಕಡೆಯವರು ಕುಮಟೆಗೆ ಬಂದು ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರಬಹುದು. ಶಿರಸಿಯಿಂದ ಬನವಾಸಿ ಇಪ್ಪತ್ತೆರಡು-ಇಪ್ಪತ್ಮೂರು ಕಿಲೋಮೀಟರು, ಬಸ್ಸು ಇದೆ. ಮುಂಡಗೋಡ ಸುಮಾರು 50. ಹಬ್ಬದ ದಿನ ಸಂಜೆಯ ಬಸ್ಸನ್ನು ನೆಚ್ಚಬೇಡಿ. ಬೆಳಿಗ್ಗೆ ಬೇಗ ಬಂದವರು ಬನವಾಸಿಯಲ್ಲಿ ಮಧುಕೇಶ್ವರನ ದರ್ಶನ ಮಾಡಿ, ವರದೆಯ ದಡದಲ್ಲಿ ಸ್ವಲ್ಪ ಹೊತ್ತು ಕೂತುಬನ್ನಿ. ಕದಂಬರ ರಾಜಧಾನಿಗೆ ಬಂದು ಬರೀ ಹೋರಿ ನೋಡಿ ಹೋದರೆ ಹೇಗೆ?

ಗಾಡಿ ನಿಲ್ಲಿಸುವಾಗ ಎರಡು ಎಚ್ಚರ. ಅಖಾಡ ಮುಗಿಯುವ ದಿಕ್ಕಿನಲ್ಲಿ ನಿಲ್ಲಿಸಲೇಬೇಡಿ. ಊರ ಹೊರಗೆ, ವಾಪಸು ಹೋಗುವ ದಿಕ್ಕಿಗೆ ಮೂತಿ ಮಾಡಿ ನಿಲ್ಲಿಸಿ. ದಾರಿ ಅಡ್ಡಗಟ್ಟಿ ನಿಲ್ಲಿಸಿದ ಒಂದು ಕಾರಿನಿಂದ ಆಂಬುಲೆನ್ಸು ಅರ್ಧ ಗಂಟೆ ತಡವಾಗುತ್ತದೆ.

5. ನಿಲ್ಲುವ ಜಾಗ

ಊರಿಗೆ ಹೋದ ಕೂಡಲೇ ಜನ ಎಲ್ಲಿ ಸೇರಿದ್ದಾರೋ ಅಲ್ಲಿಗೆ ನುಗ್ಗಬೇಡಿ. ಇನ್ನೂ ಒಂದು ಹೋರಿಯೂ ಬಿಡದ ಹೊತ್ತಿನಲ್ಲಿ ಅಖಾಡವನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದು ನೋಡಿ. ಹತ್ತು ನಿಮಿಷದ ಕೆಲಸ. ನೋಡಬೇಕಾದ್ದು ಇವು.

ಹೋರಿ ಬಿಡುವ ತುದಿ. ಇಲ್ಲಿ ಹೋರಿಯನ್ನು ಮೂಗುದಾರ, ಹಗ್ಗ ಹಿಡಿದ ನಾಲ್ಕಾರು ಜನ ತರುತ್ತಾರೆ, ಸುತ್ತ ಅಭಿಮಾನಿಗಳು ಕುಣಿಯುತ್ತಿರುತ್ತಾರೆ. ಹಲಗೆ, ಡೊಳ್ಳು, ಪಟಾಕಿ. ಹೋರಿಗೆ ಆಗಲೇ ತಲೆ ಕೆಟ್ಟಿರುತ್ತದೆ. ಹಗ್ಗ ಜಾರಿದರೆ ಅದು ಅಖಾಡಕ್ಕೇ ಹೋಗಬೇಕೆಂಬ ಕಾನೂನಿಲ್ಲ. ಫೋಟೋ ಚೆಂದ ಬರುತ್ತದೆಂದು ಜನ ಇಲ್ಲಿ ಮುತ್ತುತ್ತಾರೆ. ನೀವು ಬೇಡ.

ನಡುವಿನ ಭಾಗ. ಪೈಲ್ವಾನರು ನಿಲ್ಲುವುದು ಇಲ್ಲಿ, ಆಟ ಕಾಣುವುದೂ ಇಲ್ಲೇ. ಬೇಲಿ ಗಟ್ಟಿಯಿದ್ದರೆ ನಿಮ್ಮ ಜಾಗವೂ ಇದೇ. ಗಟ್ಟಿಯಿದೆಯೋ ಇಲ್ಲವೋ ಎಂದು ತಿಳಿಯಲು ಸುಲಭದ ದಾರಿ: ಎರಡೂ ಕೈಯಿಂದ ಗಳ ಹಿಡಿದು ಅಲ್ಲಾಡಿಸಿ. ನೀವೊಬ್ಬರು ಅಲ್ಲಾಡಿಸಿದರೆ ಅಲುಗುವ ಬೇಲಿ, ಮೂರು-ನಾಲ್ಕು ಕ್ವಿಂಟಲ್ ತೂಗುವ ಹೋರಿ ಓಡಿಬಂದು ಗುದ್ದಿದರೆ ನಿಲ್ಲುತ್ತದೆಯೇ? ಬೇಲಿ ಗಟ್ಟಿಯಿದ್ದರೂ ಅದಕ್ಕೆ ಒರಗಿ ನಿಲ್ಲಬೇಡಿ. ಹೋರಿ ಪಕ್ಕದಲ್ಲಿ ಹಾದುಹೋಗುವಾಗ ಕೊಂಬು ಗಳದ ಸಂದಿಯಿಂದ ಒಂದು ಮೊಳ ಈಚೆ ಬರುತ್ತದೆ. ಒಂದು ಮಾರು ಹಿಂದೆ ನಿಲ್ಲಿ. ಮುಂದೆ ನಿಂತವರು ನಿಮಗೆ ಮರೆಯಾಗುತ್ತಾರೆ, ಆಗಲಿ.

ದಣಪೆ, ಗೇಟು, ಸಂದಿಗಳು. ದಣಪೆಯೆಂದರೆ ಬೇಲಿಯ ನಡುವೆ ಗಳಗಳನ್ನು ಅಡ್ಡ ಇಟ್ಟು ಮಾಡಿದ ಬಾಗಿಲು, ಬೇಕೆಂದಾಗ ಸರಿಸಬಹುದು. ಅಖಾಡದ ಬದಿಯಲ್ಲಿ ಇಂಥವು ಎಷ್ಟಿವೆ ಎಂದು ಎಣಿಸಿಕೊಳ್ಳಿ. ಹೋರಿ ಬೇಲಿ ಮುರಿಯುವುದಕ್ಕಿಂತ ಹೆಚ್ಚು ಸಲ ಇಂಥ ಸಂದಿಯಿಂದ ನುಗ್ಗುತ್ತದೆ. ಯಾಕೆಂದರೆ ಹೆದರಿದ ಹೋರಿ ಜನ ಇಲ್ಲದ, ಬೆಳಕು ಕಾಣುವ ಸಂದಿಯನ್ನೇ ಹುಡುಕುತ್ತದೆ. ನಾನೂ ಒಂದು ವರ್ಷ ಇಲ್ಲಿ ಜನವೇ ಇಲ್ಲವಲ್ಲ, ಒಳ್ಳೆಯ ಜಾಗ ಎಂದು ಮನೆಯೊಂದರ ಗೇಟಿನ ಪಕ್ಕ ನಿಂತಿದ್ದೆ. ಜನ ಯಾಕಿರಲಿಲ್ಲ ಎಂದು ಎರಡನೆಯ ಹೋರಿ ತಿಳಿಸಿಕೊಟ್ಟಿತು. ಆ ಮನೆಯ ತುಳಸಿಕಟ್ಟೆ ಇಲ್ಲದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಮುಗಿಯುವ ತುದಿ. ಇಡೀ ಅಖಾಡದಲ್ಲಿ ಅತಿ ಕೆಟ್ಟ ಜಾಗ ಯಾವುದೆಂದರೆ ಇದೇ, ಹೊರಗಿನವರು ಅತಿ ಸುರಕ್ಷಿತವೆಂದು ತಿಳಿಯುವುದೂ ಇದನ್ನೇ. ಬೇಲಿ ಇಲ್ಲಿ ಮುಗಿದಿರುತ್ತದೆ. "ಓಟ ಮುಗೀತಲ್ಲ" ಎಂದು ಜನ ದಾರಿಯ ನಡುವೆಯೇ ನಿಂತಿರುತ್ತಾರೆ. ಹೋರಿಗೆ ಮಾತ್ರ ಓಟ ಮುಗಿದದ್ದು ಗೊತ್ತಿರುವುದಿಲ್ಲ. ಬಯಲು ಸಿಕ್ಕಿತೆಂದು ಅದು ಇನ್ನೂ ಜೋರು ಓಡುತ್ತದೆ, ಇಲ್ಲವೇ ಒಡೆಯನನ್ನು ಹುಡುಕುತ್ತ ಬಂದ ದಾರಿಗೇ ತಿರುಗುತ್ತದೆ. ತಿರುಗಿ ಬರುವ ಹೋರಿಯನ್ನು ಯಾರೂ ನಿರೀಕ್ಷಿಸಿರುವುದಿಲ್ಲ, ಎಲ್ಲರ ಕಣ್ಣೂ ಮುಂದಿನ ಹೋರಿ ಬರುವ ಕಡೆ. ಬೆನ್ನ ಹಿಂದಿನಿಂದ ಹಾಯಿಸಿಕೊಳ್ಳುವುದು ಹೀಗೆ.

ಎತ್ತರದ ಜಾಗ. ಮನೆಯ ಮಾಳಿಗೆ, ಶಾಲೆಯ ಜಗಲಿ, ಕಡಿದಾದ ಧರೆ (ಮಣ್ಣಿನ ದಿಬ್ಬ), ನಿಲ್ಲಿಸಿದ ಲಾರಿ. ಇವೇ ಒಳ್ಳೆಯವು, ಆದರೆ ಮೇಲೆ ಹತ್ತಿದ ಮಾತ್ರಕ್ಕೆ ಬಚಾವಾದೆವು ಎನ್ನುವಂತಿಲ್ಲ. ಸೊಂಟದೆತ್ತರದ ಜಗಲಿಗೆ ಹೋರಿ ಹತ್ತಬಲ್ಲದು. ಟ್ರ್ಯಾಕ್ಟರಿನ ಟ್ರೇಲರು ಒಂದೇ ಕಡೆ ಮೂವತ್ತು ಜನ ವಾಲಿದರೆ ಮೂತಿ ಎತ್ತುತ್ತದೆ, ಗಾಲಿಗೆ ಕಲ್ಲು ಕೊಟ್ಟಿದ್ದಾರೆಯೇ ನೋಡಿ ಹತ್ತಿ. ಹಂಚಿನ ಮಾಡಿನ ಮೇಲೆ, ಸಿಮೆಂಟ್ ಶೀಟಿನ ಮೇಲೆ ಯಾವ ಕಾರಣಕ್ಕೂ ಬೇಡ, ಶೀಟು ಹೇಳದೆ ಕೇಳದೆ ಮುರಿಯುತ್ತದೆ. ಮರ ಹತ್ತುವವರು ಅದರ ಕೆಳಗೆ ವಿದ್ಯುತ್ ತಂತಿ ಹಾದಿದೆಯೇ ಎಂದೂ ನೋಡಿಕೊಳ್ಳಿ. ಎದೆಯೆತ್ತರದ ಕಲ್ಲಿನ ಪಾಗಾರದ ಹಿಂದೆ ಜಾಗ ಸಿಕ್ಕರೆ ಅದನ್ನು ಬಿಟ್ಟು ಕದಲಬೇಡಿ.

ಕೊನೆಯದಾಗಿ, ನಿಂತಲ್ಲಿಂದ ಹೊರಬೀಳುವ ದಾರಿ. ಹೋರಿ ನಿಮ್ಮ ಕಡೆಗೇ ನುಗ್ಗಿದರೆ ಎತ್ತ ಹೋಗುತ್ತೀರಿ? ಹಿಂದೆ ಅಗಳ (ಕಂದಕ) ಇದೆಯೇ, ಮುಳ್ಳುತಂತಿ ಇದೆಯೇ, ಬಾವಿ ಇದೆಯೇ? ಎಡಕ್ಕೋ ಬಲಕ್ಕೋ ಎಂದು ಮೊದಲೇ ನಿರ್ಧರಿಸಿಟ್ಟುಕೊಳ್ಳಿ. ಹೋರಿ ಎದುರಾದ ಮೇಲೆ ಯೋಚಿಸಲು ಪುರುಸೊತ್ತು ಇರುವುದಿಲ್ಲ.

6. ಹೋರಿ ಓಡುವಾಗ

ದನದ ಕಣ್ಣುಗಳು ತಲೆಯ ಎರಡು ಬದಿಗಿವೆ. 300 ಡಿಗ್ರಿಗೂ ಹೆಚ್ಚು ಅದಕ್ಕೆ ಕಾಣುತ್ತದೆ. ಹಿಂದುಗಡೆಯ ಒಂದು ಪಟ್ಟಿ ಮಾತ್ರ ಕುರುಡು. ಬದಿಯಲ್ಲಿ ನಿಂತು ನೀವು ಕೈ ಬೀಸಿದ್ದು, ಟವೆಲ್ ಝಾಡಿಸಿದ್ದು ಎಲ್ಲ ಅದಕ್ಕೆ ಗೊತ್ತಾಗುತ್ತದೆ. ಜನರೆಲ್ಲ ಸುಮ್ಮನಿದ್ದಾಗ ಅಲುಗಿದವನ ಮೇಲೆ ಅದರ ಗಮನ. ಆದ್ದರಿಂದ ಪಕ್ಕದಲ್ಲಿ ಹಾದುಹೋಗುವ ಕ್ಷಣದಲ್ಲಿ ಮರದಂತೆ ನಿಲ್ಲಿ, ಆಮೇಲೆ ಬೇಕಾದಷ್ಟು ಕೂಗಿ.

ಹೋರಿ ಓಡುತ್ತಿರುವವರೆಗೆ ಅದಕ್ಕೆ ಹೋಗುವುದು ಬೇಕಾಗಿದೆ, ನೀವು ಬೇಕಾಗಿಲ್ಲ. ನಿಂತಿತೆಂದರೆ ಮಾತು ಬೇರೆ. ತಲೆ ತಗ್ಗಿಸಿ, ಮುಂಗಾಲಲ್ಲಿ ಮಣ್ಣು ಕೆದರಿ, ಬುಸುಗುಟ್ಟಿ, ಮೈಯನ್ನು ಅಡ್ಡ ತಿರುಗಿಸಿ ತೋರಿಸಿದರೆ ಅದು ಕೊಡುವ ಕೊನೆಯ ಎಚ್ಚರಿಕೆ ಅದೇ. ಬೆನ್ನು ಹಾಕದೆ, ನಿಧಾನ ಹಿಂದೆ ಸರಿದು ಪಾಗಾರದ ಹಿಂದೆ ಹೋಗಿ. ನುಗ್ಗಿಯೇ ಬಿಟ್ಟಿತೆಂದರೆ ಅದರ ದಾರಿಯಲ್ಲಿ ಮುಂದೆ ಮುಂದೆ ಓಡಬೇಡಿ, ಎರಡು ಕಾಲಿನವನು ನಾಲ್ಕು ಕಾಲಿನದರ ಮುಂದೆ ಗೆಲ್ಲುವುದಿಲ್ಲ. ಬದಿಗೆ ಓಡಿ. ಬಿದ್ದರೆ ಏಳಬೇಡಿ. ಬೋರಲು ಬಿದ್ದು, ಎರಡೂ ಕೈಯಿಂದ ತಲೆ, ಕುತ್ತಿಗೆ ಮುಚ್ಚಿಕೊಂಡು ಅಲುಗದೆ ಮಲಗಿ. ಅರ್ಧ ಎದ್ದವನ ಹೊಟ್ಟೆ ಸರಿಯಾಗಿ ಕೊಂಬಿನ ಎತ್ತರಕ್ಕಿರುತ್ತದೆ.

ಮೊಬೈಲು ಪರದೆಯಲ್ಲಿ ಹೋರಿ ಇರುವುದಕ್ಕಿಂತ ದೂರದಲ್ಲಿ ಕಾಣುತ್ತದೆ. ವಿಡಿಯೋ ಬೇಕೇಬೇಕೆಂದರೆ ಜೊತೆಯವರೊಬ್ಬರು ನಿಮ್ಮ ಅಂಗಿ ಹಿಡಿದು ನಿಂತಿರಲಿ. ತಮಾಷೆಗೆ ಹೇಳುತ್ತಿಲ್ಲ. ಸೆಲ್ಫಿಗೆ ಬೆನ್ನು ತಿರುಗಿಸಬೇಕಾಗುತ್ತದೆ, ಅದರ ಬಗ್ಗೆ ಬೇರೆ ಹೇಳಬೇಕಿಲ್ಲ ಎಂದುಕೊಂಡಿದ್ದೇನೆ.

7. ಎರಡು ಹೋರಿಗಳ ನಡುವೆ

ಒಂದು ಹೋರಿ ಹೋಗಿ ಇನ್ನೊಂದು ಬರುವವರೆಗೆ ಜನ ಬೇಲಿ ದಾಟಿ ಅಖಾಡಕ್ಕೆ ಇಳಿಯುತ್ತಾರೆ. ಎದುರು ಬದಿಯ ಗೆಳೆಯನನ್ನು ಮಾತಾಡಿಸಲು, ಚಹ ಕುಡಿಯಲು, ಬಿದ್ದ ಕೊಬ್ಬರಿ ಚೂರು ಹೆಕ್ಕಲು. ಮೈಕಿನವನು "ಅಖಾಡ ಖಾಲಿ ಮಾಡಿ" ಎಂದು ನೂರು ಸಲ ಹೇಳಿರುತ್ತಾನೆ, ನೂರಾಒಂದನೆಯದು ಯಾರ ಕಿವಿಗೂ ಹೋಗುವುದಿಲ್ಲ. ಮುಂದಿನ ಹೋರಿ ಬಿಟ್ಟದ್ದು ಗೊತ್ತಾಗುವುದು ಜನ ಚದುರಿದಾಗಲೇ. ನೀವು ಮೊದಲು ಆರಿಸಿದ ಬದಿಯಲ್ಲೇ ಸಂಜೆವರೆಗೆ ಇರಿ. ಆಚೆ ಬದಿಯ ಮಿರ್ಚಿ ಇನ್ನೂ ಬಿಸಿಯಿದೆ ಎನಿಸಿದರೂ.

ಮುಗಿದ ಮೇಲೆ ಕೂಡಲೇ ಹೊರಡಬೇಡಿ. ಆ ಹೊತ್ತಿನಲ್ಲಿ ದಣಿದ, ಬೆದರಿದ ಹೋರಿಗಳನ್ನು ಅದೇ ದಾರಿಯಲ್ಲಿ ನಡೆಸಿಕೊಂಡು, ಪಿಕಪ್ಪಿಗೆ ಹತ್ತಿಸಿಕೊಂಡು ಹೋಗುತ್ತಿರುತ್ತಾರೆ. ಅರ್ಧ ಗಂಟೆ ಕೂತು ಹೊರಡಿ. ಕಟ್ಟಿಹಾಕಿದ ಹೋರಿಯ ಬೆನ್ನು ತಟ್ಟುವ ಆಸೆಯಾದರೆ ಒಡೆಯನನ್ನು ಕೇಳಿ, ಅವನು ಹಗ್ಗ ಹಿಡಿದ ಮೇಲೆ ಭುಜದ ಕಡೆಯಿಂದ ಹೋಗಿ. ಹಿಂದಿನಿಂದ ಹೋಗಬೇಡಿ.

8. ಪೆಟ್ಟಾದರೆ

108ಕ್ಕೆ ಫೋನು ಮಾಡಿ, ಜೊತೆಗೆ ಕಮಿಟಿಯವರಿಗೂ ತಿಳಿಸಿ. ಬರುವವರೆಗೆ ಮಾಡಬೇಕಾದ್ದು ಕಡಿಮೆ, ಮಾಡಬಾರದ್ದು ಹೆಚ್ಚು.

ರಕ್ತ ಹರಿಯುತ್ತಿದ್ದರೆ ಆ ಶುಭ್ರ ಪಂಚೆಯನ್ನು ಮಡಚಿ ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ನಿಂತಿತಾ ಎಂದು ಮತ್ತೆ ಮತ್ತೆ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ. ಅರಿಸಿನ, ಕಾಫಿಪುಡಿ, ಸಗಣಿ, ಸುಣ್ಣ ಯಾವುದೂ ಬೇಡ. ಗಳದ ಚೂರು ಚುಚ್ಚಿಕೊಂಡಿದ್ದರೆ ಕೀಳಬೇಡಿ. ಹೊಟ್ಟೆ ಹರಿದು ಕರುಳು ಕಾಣುತ್ತಿದ್ದರೆ ಒಳಗೆ ತುರುಕಬೇಡಿ, ಒದ್ದೆ ಮಾಡಿದ ಶುಭ್ರ ಬಟ್ಟೆ ಮುಚ್ಚಿ. ಕುಡಿಯಲು ನೀರೂ ಕೊಡಬೇಡಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕುತ್ತಿಗೆ, ಬೆನ್ನು ನೋವು ಎಂದವನನ್ನು ಎತ್ತಿ ಕೂರಿಸಬೇಡಿ, ಬೈಕಿನ ನಡುವೆ ಕೂರಿಸಿಕೊಂಡು ಹೋಗಲೇಬೇಡಿ.

ಮೋಸ ಮಾಡುವ ಪೆಟ್ಟೆಂದರೆ ರಕ್ತ ಬಾರದ ಪೆಟ್ಟು. ಹೋರಿ ಹೊಟ್ಟೆಗೋ ಪಕ್ಕೆಗೋ ಗುದ್ದಿರುತ್ತದೆ, ಹೊರಗೆ ತರಚಿರುವುದಷ್ಟೇ. ಹುಡುಗ ಎದ್ದು ಮಣ್ಣು ಕೊಡವಿ ನಗುತ್ತಾನೆ. ಒಳಗೆ ಗುಲ್ಮವೋ ಯಕೃತ್ತೋ ಹರಿದು ರಕ್ತ ಸೋರುತ್ತಿದ್ದರೆ ಒಂದೆರಡು ತಾಸು ಬಿಟ್ಟು ಗೊತ್ತಾಗುತ್ತದೆ: ಬೆವರು, ಸುಸ್ತು, ಬಾಯಾರಿಕೆ, ಬಿಗಿದ ಹೊಟ್ಟೆ. ಹೊಟ್ಟೆಗೆ ಪೆಟ್ಟು ಬಿದ್ದವನು ಎಷ್ಟೇ ಚೆನ್ನಾಗಿದ್ದೇನೆ ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ದೊಡ್ಡ ಪೆಟ್ಟಿಗೆ ನಮ್ಮ ಸೀಮೆಯವರು ಕೊನೆಗೆ ಹುಬ್ಬಳ್ಳಿಯ ದಾರಿಯನ್ನೇ ಹಿಡಿಯಬೇಕಾಗುತ್ತದೆ, ಶಿರಸಿಯಿಂದ ಅದು ಸುಮಾರು 100 ಕಿಲೋಮೀಟರು. ಹಾಗಾಗಿ ಕಾದು ನೋಡೋಣ ಎನ್ನುವ ಒಂದೊಂದು ತಾಸಿಗೂ ಇಲ್ಲಿ ಬೆಲೆ ಬೇರೆಯೇ.

ಸಣ್ಣ ತರಚುಗಾಯವಾದರೂ ಸಗಣಿ ಮಣ್ಣಿನದು. ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಐದು ವರ್ಷ ದಾಟಿದ್ದರೆ ಮತ್ತೆ ಹಾಕಿಸಿ. ವಿಮೆ ಮಾಡಿಸಿದವರು ಪಾಲಿಸಿಯ ಕಾಗದ ಒಮ್ಮೆ ತೆಗೆದು ನೋಡಿ, ಅಪಾಯದ ಆಟದಲ್ಲಿ ಪಾಲ್ಗೊಂಡಾಗ ಆದ ಗಾಯಕ್ಕೆ ಹಣ ಕೊಡುವುದಿಲ್ಲ ಎಂಬ ಸಾಲು ಕೆಲವದರಲ್ಲಿ ಇರುತ್ತದೆ.

ಅಖಾಡಕ್ಕೆ ಇಳಿಯುತ್ತೇನೆ ಎನ್ನುವವರಿಗೆ

ಇದನ್ನೂ ಕೇಳುತ್ತಾರೆ, ಅದೂ ಜಿಮ್ಮಿಗೆ ಹೋಗುವ ಹುಡುಗರು. ಮೊದಲ ವರ್ಷ ಇಳಿಯಬೇಡಿ. ತೋಳಿನ ಬಲದ ಮಾತಲ್ಲ ಅದು. ಬನವಾಸಿ ಕಡೆಯ ಪೈಲ್ವಾನ ಹುಡುಗ ಕೊಟ್ಟಿಗೆಯಲ್ಲೇ ಬೆಳೆದವನು, ಹೋರಿಯ ಕಿವಿ ಅಲುಗಿದ್ದು ನೋಡಿ ಅದು ಎತ್ತ ತಿರುಗುತ್ತದೆಂದು ಹೇಳಬಲ್ಲ. ಕೊಬ್ಬರಿಗೆ ಎದುರಿನಿಂದ ಕೈ ಹಾಕುವುದಿಲ್ಲ, ಭುಜದ ಬದಿಯಿಂದ ಹೋಗುತ್ತಾನೆ, ಸಿಕ್ಕದಿದ್ದರೆ ಬಿಡುತ್ತಾನೆ. ಬಿಡುವುದನ್ನು ಕಲಿಯುವುದಕ್ಕೇ ವರ್ಷಗಳು ಬೇಕು. ಜೊತೆಗೆ ಅವರಲ್ಲಿ ತಂಡವಿರುತ್ತದೆ, ಒಬ್ಬ ಬಿದ್ದರೆ ಇಬ್ಬರು ಹೋರಿಯ ಗಮನ ಬೇರೆಡೆ ಸೆಳೆಯುತ್ತಾರೆ. ನೀವು ಬಿದ್ದರೆ ಸೆಳೆಯುವವರು ಯಾರು? ಕುಡಿದು ಇಳಿಯುವವರ ಬಗ್ಗೆ ಹೇಳುವುದೇನೂ ಇಲ್ಲ. ಕುಡಿದವರ ಹತ್ತಿರ ನಿಲ್ಲಬೇಡಿ ಎಂದಷ್ಟೇ ಉಳಿದವರಿಗೆ ಹೇಳುತ್ತೇನೆ.

ಹೋರಿಯ ಕಡೆಯಿಂದಲೂ ಒಂದಿಷ್ಟು

ಒಳ್ಳೆಯ ಸಾಕಣೆಗಾರ ಮಗನಿಗಿಂತ ಹೆಚ್ಚು ಹೋರಿಯನ್ನು ನೋಡಿಕೊಳ್ಳುತ್ತಾನೆ. ಹುರುಳಿ, ಹತ್ತಿಕಾಳು, ಹಿಂಡಿ, ಈಜು, ಓಟದ ಅಭ್ಯಾಸ. ಎಲ್ಲರೂ ಹಾಗಿರುವುದಿಲ್ಲ. ಬಾಲ ತಿರುಚುವುದು, ಕಚ್ಚುವುದು, ಮೊಳೆ ಚುಚ್ಚುವುದು, ಕಣ್ಣಿಗೆ ಖಾರದಪುಡಿ, ಬಾಯಿಗೆ ಸಾರಾಯಿ, ಕಾಲಡಿಯಲ್ಲಿ ಪಟಾಕಿ: ಇವೆಲ್ಲ ಹಿಂಸೆ, ಕಾನೂನಿನ ಪ್ರಕಾರ ಅಪರಾಧ. 1960ರ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಎಂದು ಬರೆದಿತ್ತು, ಇವತ್ತು ಒಂದು ಪ್ಲೇಟು ಮಿರ್ಚಿಗೆ ಸಾಕಾಗುವಷ್ಟು. ದಂಡ ಅಷ್ಟೇ ಎಂದು ಸುಮ್ಮನಿರಬೇಡಿ. ಕಂಡರೆ ಮೈಕಿನವರಿಗೆ ಹೇಳಿ, ಅಲ್ಲಿರುವ ಪೊಲೀಸರಿಗೆ ಹೇಳಿ. ಹೋರಿಯವನ ಜೊತೆ ನೀವೇ ಜಗಳಕ್ಕೆ ನಿಲ್ಲಬೇಡಿ, ಅಭಿಮಾನಿ ಬಳಗ ದೊಡ್ಡದಿರುತ್ತದೆ. ನೊಂದ ಹೋರಿಯೇ ದಿಕ್ಕು ತಪ್ಪಿ ಜನರ ಮೇಲೆ ನುಗ್ಗುವುದು. ಅದಕ್ಕಾಗಿಯಾದರೂ ಹೇಳಿ.

ಇನ್ನು ಮಕ್ಕಳು

ಓಟಕ್ಕೆ ಕರೆತರಬೇಡಿ. ಹೆಗಲ ಮೇಲೆ ಕೂರಿಸಿಕೊಂಡು ನಿಂತವರನ್ನು ನೋಡಿದ್ದೇನೆ. ಜನ ಹಿಂದೆ ಸರಿದಾಗ ಮೊದಲು ಬೀಳುವುದು ಅವರೇ, ಬಿದ್ದಮೇಲೆ ತುಳಿಯುವುದು ಹೋರಿಯಲ್ಲ, ಜನ.

ಆದರೆ ಮಕ್ಕಳಿಗೆ ಹಬ್ಬ ತೋರಿಸಲೇಬಾರದೆಂದಿಲ್ಲ. ಬಲಿಪಾಡ್ಯಮಿಯ ಬೆಳಿಗ್ಗೆ ಎಂಟು ಗಂಟೆಗೆ ಬನ್ನಿ. ಕೆರೆಯಲ್ಲಿ ಹೋರಿಗಳ ಮೈ ತೊಳೆಯುತ್ತಿರುತ್ತಾರೆ. ಆಮೇಲೆ ಅಂಗಳದಲ್ಲಿ ಕೊಂಬಿಗೆ ಬಣ್ಣ, ಹಣೆಗೆ ಕುಂಕುಮ, ಕೊರಳಿಗೆ ಗೆಜ್ಜೆ, ಜೂಲಾ. ಮನೆಯ ಹೆಂಗಸರು ಆರತಿ ಎತ್ತಿ ಹೋಳಿಗೆ ತಿನ್ನಿಸುತ್ತಾರೆ. ಸಂಜೆ ಊರನ್ನೇ ನಡುಗಿಸುವ ಹೋರಿ ಆಗ ಕಣ್ಣು ಅರೆಮುಚ್ಚಿ ನಿಂತಿರುತ್ತದೆ. ಕೇಳಿದರೆ ಮಗುವಿನ ಕೈಯಿಂದಲೂ ಒಂದು ತುಂಡು ಹೋಳಿಗೆ ಕೊಡಿಸುತ್ತಾರೆ, ಹಬ್ಬದ ಊಟಕ್ಕೂ ಬಿಡದೆ ಕೂರಿಸುತ್ತಾರೆ. ಉಂಡು, ಹಲಗೆ ಸದ್ದು ಶುರುವಾಗುವ ಮೊದಲೇ ಮಕ್ಕಳನ್ನು ಶಿರಸಿಯ ಬಸ್ಸು ಹತ್ತಿಸಿಬಿಡಿ.